ಧಾತು ಬರದಲ್ಲಿ ನಡೆದು ಬಂದ ಅಜ್ಜಿಯ ತವರೂರು ಹುಡುಕಬೇಕು, ದಾರಿ ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ನನ್ನ ಮುತ್ತಜ್ಜನ ತಾಯಿ ಇಲ್ಲಿಯವರಲ್ಲ. 1877ರ ಸುಮಾರಿಗೆ, ಧಾತು, ಈಶ್ವರ ಸಂವತ್ಸರಗಳ ದೊಡ್ಡ ಬರದಲ್ಲಿ, ಶಿರಾ ಕಡೆಯಿಂದ ನಡೆದು ಬಂದವರು. ಗಂಡ ದಾರಿಯಲ್ಲೇ ತೀರಿಕೊಂಡರಂತೆ. ಕಂಕುಳಲ್ಲಿ ನನ್ನ ಮುತ್ತಜ್ಜ, ಇನ್ನೂ ಮೊಲೆ ಬಿಡದ ಮಗು. ಬೆಂಗಳೂರು–ಮೈಸೂರು ರೈಲು ದಾರಿಗೆ ಮಣ್ಣು ಹೊತ್ತು ಮಗುವನ್ನು ಉಳಿಸಿಕೊಂಡರು. ಆಮೇಲೆ ಇಲ್ಲೇ ನಿಂತರು.

ಅವರ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. 'ಬರದಜ್ಜಿ' ಅಂತಲೇ ಎಲ್ಲರೂ ಹೇಳುವುದು. ಉಳಿದಿರುವುದು ಒಂದು ಬೆಳ್ಳಿ ಕಡಗ ಮಾತ್ರ. ಒಳಮೈ ಸವೆದು ನುಣ್ಣಗಾಗಿದೆ. ಒಂದು ತುದಿಯಲ್ಲಿ ಹಾವಿನ ಹೆಡೆ ಇದೆ, ಇನ್ನೊಂದು ತುದಿ ಉಳಿಯಿಂದ ಕಡಿದ ಹಾಗೆ ಮೊಂಡು. ಆ ತುಂಡನ್ನು ರಾಗಿಗೆ ಕೊಟ್ಟರಂತೆ. ಎಷ್ಟು ರಾಗಿ ಸಿಕ್ಕಿತೋ!

ಅವರ ಹೆಸರು, ತವರೂರು ಎರಡೂ ಬೇಕು ನನಗೆ. ಎಲ್ಲಿಂದ ಶುರು ಮಾಡಲಿ?

ಉತ್ತರ 1

ಅಕ್ಕಾ, ಜನಗಣತಿಯಲ್ಲಿ ಹುಡುಕಿ ದಿನ ಕಳೀಬೇಡಿ. ಆ ಕಾಲದ ಮನೆಮನೆ ಪಟ್ಟಿ ಉಳಿದಿಲ್ಲ, ಒಟ್ಟು ಲೆಕ್ಕ ಮಾತ್ರ ಇದೆ. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ 50 ಲಕ್ಷ ಚಿಲ್ಲರೆ ಜನ, 1881ರಲ್ಲಿ 41 ಲಕ್ಷ ಚಿಲ್ಲರೆ.

ಮುತ್ತಜ್ಜನ ಹೆಸರಿನ ಹಳೆ ಕ್ರಯಪತ್ರ, ಭೋಗ್ಯಪತ್ರ ಏನಾದರೂ ಇದೆಯಾ ನೋಡಿ. ಅದರಲ್ಲಿ 'ಬಿನ್' ಅಂತ ಬರೆದು ಅಪ್ಪನ ಹೆಸರು ಹಾಕಿರುತ್ತಾರೆ. ಅಜ್ಜಿಯ ಹೆಸರಿಗೆ ಚೂರು ಜಮೀನಿದ್ದರೂ 'ಕೋಂ' ಅಂತ ಗಂಡನ ಹೆಸರು ಇರುತ್ತೆ. ಮನೆಯಲ್ಲಿ ಇಲ್ಲದಿದ್ದರೆ ನೋಂದಣಿ ಕಚೇರಿಯಲ್ಲಿ ನಕಲಿಗೆ ಅರ್ಜಿ ಹಾಕಿ.

ಉತ್ತರ 2

ನಿಮ್ಮ ಮನೆದೇವರು ಯಾವುದು, ಎಲ್ಲಿದೆ? ಮುಡಿ ಕೊಡಲು ಹೋಗುವ ಊರಲ್ಲಿ ವಿಚಾರಿಸಿ, ಯಾವ ಹೆಳವರು ಬರುತ್ತಾರೆ ಅಂತ. ಎತ್ತಿನ ಮೇಲೆ ಬಂದು ಬಾಗಿಲಲ್ಲಿ ವಂಶ ಹೇಳಿ ಕಾಳು ಪಡೆಯುತ್ತಿದ್ದವರು ಅವರು. ಈಗಲೂ ಪುಸ್ತಕ ಇಟ್ಟುಕೊಂಡವರಿದ್ದಾರೆ. ಮುತ್ತಜ್ಜನ ಅಪ್ಪನ ಹೆಸರು ಹಿಡಿದುಕೊಂಡು ಹೋದರೆ ಕೆಲಸ ಸಲೀಸು.

ಉತ್ತರ 3

ಮೇಲಿನವರು ಹೇಳಿದ್ದು ಸರಿ. ಆದರೆ ಮನೆದೇವರು ಗಂಡನ ಕಡೆಯದು, ಅಲ್ವಾ? ಅದನ್ನು ಹಿಡಿದು ಹೋದರೆ ಅಜ್ಜಿಯ ಗಂಡನ ಊರು ಸಿಗಬಹುದು, ತವರು ಸಿಗಲ್ಲ.

ನಾನು ಕೇಳುವುದು ಬೇರೆ. ಆ ಮಗು ದೊಡ್ಡವನಾದ ಮೇಲೆ ಹೆಣ್ಣು ಎಲ್ಲಿಂದ ತಂದರು? ಆಗ ಸೋದರಮಾವನ ಮಗಳನ್ನು ತರುವುದು ಜಾಸ್ತಿ. ಅಜ್ಜಿ ಅಣ್ಣನದೋ ತಮ್ಮನದೋ ಮನೆ ಬಾಗಿಲಿಗೇ ಹೋಗಿರಬಹುದು. ಮನೆಯಲ್ಲಿ ಹಿರಿಯ ಹೆಂಗಸರನ್ನು ಕೇಳಿ. ಇಂಥದ್ದು ಗಂಡಸರಿಗೆ ನೆನಪಿರಲ್ಲ. ಮೊಮ್ಮಕ್ಕಳ ಹೆಸರೂ ನೋಡಿ, ಅಜ್ಜಿ ಹೆಸರನ್ನೇ ಇಡುವ ರೂಢಿ ಇತ್ತು.

ಪ್ರಶ್ನೆ ಕೇಳಿದವರು

ಮೂವರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಸೋದರತ್ತೆಗೆ ಫೋನ್ ಮಾಡಿದೆ. ಅವರಿಗೆ 86. ಬರದಜ್ಜಿಯ ಬಗ್ಗೆ ಎಷ್ಟು ಸಲ ಕೇಳಿದ್ದೇನೋ, ಸೊಸೆಯ ಬಗ್ಗೆ ಒಮ್ಮೆಯೂ ಕೇಳಿರಲಿಲ್ಲ. ಕೇಳಿದ ತಕ್ಷಣ ಹೇಳಿದರು: 'ಮಧುಗಿರಿ ಕಡೆಯೋಳು ಕಣೇ. ಮಗನ್ನ ಕರ್ಕೊಂಡು ಅಜ್ಜಿನೇ ಹೋಗಿ ಹೆಣ್ಣು ಕೇಳಿದ್ದು. ಮದ್ದೂರಲ್ಲಿ ರೈಲು ಹತ್ತಿ ತುಮಕೂರಿಗೆ ಹೋಗಿ, ಅಲ್ಲಿಂದ ಎತ್ತಿನ ಗಾಡಿ.'

ತಾನು ಮಣ್ಣು ಹೊತ್ತ ದಾರಿಯ ಮೇಲೇ ಹೋಗಿದ್ದಾರೆ ಅಜ್ಜಿ. ಅತ್ತೆ ಊರಿನ ಹೆಸರಿನ ಅರ್ಧ ಹೇಳಿದ್ದಾರೆ, ಕೊನೆಗೆ 'ಹಳ್ಳಿ' ಇದೆಯಂತೆ. ಭಾನುವಾರ ಕಡಗ ತಗೊಂಡು ಅವರ ಹತ್ತಿರ ಹೋಗ್ತಿದ್ದೇನೆ.