ಕಂಪನಿ ಖರ್ಚಿನಲ್ಲಿ ಪಿಎಚ್‌ಡಿ: ಸಹಿ ಹಾಕುವ ಮುಂಚೆ ಏನು ನೋಡ್ಬೇಕು? (ಆನ್‌ಲೈನ್ ಚರ್ಚೆ; ಸಾಲಿನ ಮೊದಲಿಗೆ ಇರುವುದು ಬರೆದವರ ಅಡ್ಡಹೆಸರು)

ಬೈಕಂಪಾಡಿ ಮೆಕ್: ಮಂಗಳೂರಿನ ಬೈಕಂಪಾಡಿಯ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಇಂಜಿನಿಯರ್. ಫೀಸು, ಪ್ರಯೋಗದ ಖರ್ಚು ಎಲ್ಲ ಕಂಪನಿಯೇ ಕೊಡ್ತದಂತೆ, ಪಾರ್ಟ್‌ಟೈಮ್ ಪಿಎಚ್‌ಡಿ. ವಿಷಯ: ಕಡಲ ಗಾಳಿಗೆ ಪೈಪುಗಳನ್ನು ಹೊರುವ ಉಕ್ಕಿನ ಚೌಕಟ್ಟುಗಳು, ಅಂದರೆ ಪೈಪ್‌ರ‍್ಯಾಕ್‌ಗಳು ತುಕ್ಕು ಹಿಡಿಯುವುದು. ಎನ್‌ಐಟಿಕೆ, ಮಣಿಪಾಲ ಎರಡೂ ಕಡೆ ವಿಚಾರಿಸ್ತಾ ಇದ್ದೇನೆ. ಗೊತ್ತಿದ್ದವರು ಹೇಳಿ. ಶಟ್‌ಡೌನ್ (ರಿಪೇರಿಗೆ ಕಾರ್ಖಾನೆ ನಿಲ್ಲಿಸುವುದು) ಆದಾಗ ಸ್ಯಾಂಪಲ್ ತೆಗೆಯುವ ಯೋಚನೆ ಉಂಟು.

ಕಡಲತಡಿ: ಮೊದಲು ಎನ್‌ಒಸಿ, ಅಂದರೆ ಕಂಪನಿ ಕೊಡುವ ನಿರಾಕ್ಷೇಪಣಾ ಪತ್ರ. ‘ಅಭ್ಯಂತರ ಇಲ್ಲ’ ಅಂತ ಎಚ್‌ಆರ್ ಬರೆದುಕೊಡುವ ಒಂದು ಸಾಲು ಸಾಲುವುದಿಲ್ಲ. ಯುಜಿಸಿಯ 2022ರ ನಿಯಮದಂತೆ ಅದರಲ್ಲಿ ಮೂರು ಮಾತು ಇರ್ಬೇಕು: ಪಾರ್ಟ್‌ಟೈಮ್ ಓದಲಿಕ್ಕೆ ಅನುಮತಿ ಉಂಟು, ಕೆಲಸದ ನಡುವೆ ಸಂಶೋಧನೆಗೆ ಸಮಯ ಸಿಗ್ತದೆ, ಬೇಕಾದರೆ ಕೋರ್ಸ್‌ವರ್ಕ್‌ಗೆ ಬಿಡುಗಡೆ ಮಾಡ್ತೇವೆ. ಎನ್‌ಐಟಿಕೆಗೆ ತನ್ನದೇ ರೆಗ್ಯುಲೇಶನ್ ಉಂಟು, ಅದನ್ನು ಬೇರೆಯೇ ಓದಿ. ಯುಜಿಸಿ ಲೆಕ್ಕದಲ್ಲಿ ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಕ್ಲಾಸು ಹಗಲಲ್ಲೇ ಇದ್ದರೆ ಶಿಫ್ಟ್ ಡ್ಯೂಟಿಯಲ್ಲಿ ಆಗುವ ಕೆಲಸ ಅಲ್ಲ ಮಾರಾಯ್ರೆ, ಅಷ್ಟು ತಿಂಗಳು ಜನರಲ್ ಶಿಫ್ಟ್ ಅಂತ ಕಾಗದದಲ್ಲೇ ಹಾಕಿಸಿಕೊಳ್ಳಿ. ಬಾಂಡ್ (ಇಷ್ಟು ವರ್ಷ ಕಂಪನಿ ಬಿಡುವುದಿಲ್ಲ ಅಂತ ಬರೆದುಕೊಡುವುದು) ಇದ್ದರೆ ಅದರ ವರ್ಷಗಳ ಲೆಕ್ಕ ರಿಜಿಸ್ಟ್ರೇಶನ್‌ನಿಂದಲೋ ಡಿಗ್ರಿ ಸಿಕ್ಕಿದ ಮೇಲಿಂದಲೋ ನೋಡಿ. ಡಿಗ್ರಿಗೇ ಆರು ವರ್ಷ ಹಿಡಿಯಬಹುದು.

ಕ್ಲೇಮ್ ಒಂದು: ಜಗಳ ಹುಟ್ಟುವುದು ಪೇಪರ್ ಬರೆಯುವಾಗ. ಪೇಟೆಂಟ್ ಆಗುವಂಥದ್ದು ಏನಾದರೂ ಇದ್ದರೆ ಮೊದಲು ಪ್ರಾವಿಷನಲ್ (ತಾತ್ಕಾಲಿಕ) ಅರ್ಜಿ ಹಾಕಿ, ಆಮೇಲೆ ಜರ್ನಲ್‌ಗೆ ಕಳಿಸಿ. ಹೊರಗೆ ಪ್ರಕಟವಾದರೆ ಹೊಸತನ ಹೋಯ್ತು. ಪ್ರಾವಿಷನಲ್ ಹಾಕಿದ 12 ತಿಂಗಳೊಳಗೆ ಕಂಪ್ಲೀಟ್ ಸ್ಪೆಸಿಫಿಕೇಶನ್ (ಆವಿಷ್ಕಾರದ ಪೂರ್ಣ ವಿವರಣೆ) ಕೊಡಲೇಬೇಕು. ಕಂಪನಿ, ಕಾಲೇಜು ಜಂಟಿ ಮಾಲಕರಾದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ ಪೇಟೆಂಟ್ ಕಾಯ್ದೆಯ ಸೆಕ್ಷನ್ 50ರಂತೆ ಸಮಪಾಲು. ಒಬ್ಬರನ್ನು ಕೇಳದೆ ಇನ್ನೊಬ್ಬರು ಲೈಸೆನ್ಸ್ ಕೊಡುವ ಹಾಗಿಲ್ಲ.

ಕಂಪನಿ, ಕಾಲೇಜು ನಡುವಿನ ಒಡಂಬಡಿಕೆ ಪತ್ರದಲ್ಲಿ (ಎಂಒಯು) ಹೀಗೆ ಬರೆಸಿ: ‘ಕರಡು ಕೊಟ್ಟ 30 ದಿನದೊಳಗೆ ಕಂಪನಿ ಆಕ್ಷೇಪ ಹೇಳದಿದ್ದರೆ ಒಪ್ಪಿಗೆ ಎಂದೇ ಅರ್ಥ.’ ಈ ಸಾಲು ಇಲ್ಲದಿದ್ದರೆ ನಿಮ್ಮ ಪೇಪರ್ ಯಾರದೋ ಮೇಜಿನ ಮೇಲೆ ಕೂತೇ ಇರ್ತದೆ. ಥೀಸಿಸ್ ಕೊನೆಗೆ ಯಾರೂ ಓದಬಹುದಾದ ಆನ್‌ಲೈನ್ ಭಂಡಾರ ಶೋಧಗಂಗಾಕ್ಕೆ ಹೋಗ್ತದೆ, ಆದ್ದರಿಂದ ಗುಟ್ಟಿನ ಅಂಕಿಗಳನ್ನು ಅನುಪಾತವಾಗಿ ಕೊಡಬಹುದೋ ಅಂತ ಗೈಡ್ ಹತ್ತಿರ ಈಗಲೇ ಮಾತಾಡಿ.

ತುಕ್ಕು ಪರೀಕ್ಷೆ: ಶಟ್‌ಡೌನ್ ನಂಬಿ ಥೀಸಿಸ್ ಕಟ್ಟಬೇಡಿ. ಅದು ಮುಂದೆ ಹೋದರೆ ನಿಮ್ಮ ಒಂದು ಅಧ್ಯಾಯವೂ ಹೋಯ್ತು. ಯಾರ ಕೈಗೂ ಕಾಯದೆ ನಡೆಯುವ ಪ್ರಯೋಗ ಒಂದಿರಲಿ: ಕೂಪನ್, ಅಂದರೆ ತೂಕ ಮಾಡಿ ಗಾಳಿಗೆ ಇಟ್ಟು, ಆಮೇಲೆ ತುಕ್ಕು ತೆಗೆದು ಎಷ್ಟು ತೂಕ ಕಮ್ಮಿಯಾಯ್ತು ಅಂತ ನೋಡುವ ಲೋಹದ ತುಂಡು. 100 × 150 ಮಿ.ಮೀ., 1 ಮಿ.ಮೀ. ದಪ್ಪದ ಮೈಲ್ಡ್ ಸ್ಟೀಲ್ ತುಂಡು, ಪ್ರತಿ ಅವಧಿಗೆ ಮೂರು. 3, 6, 12, 24 ತಿಂಗಳಿಗೆ ತೆಗೆಯುವ ಹಾಗೆ ಲೆಕ್ಕ ಹಾಕಿ. ಗಾಳಿಗೆ ಒಡ್ಡದ ಕೆಲವು ತುಂಡು ಡೆಸಿಕೇಟರ್‌ನಲ್ಲಿ (ತೇವ ಸೇರದ ಮುಚ್ಚಿದ ಪಾತ್ರೆ) ಇಟ್ಟಿರಿ. ತುಕ್ಕು ತೆಗೆಯುವ ಕ್ಲಾರ್ಕ್ ದ್ರಾವಣ (ಒಂದು ಲೀಟರ್ ಹೈಡ್ರೋಕ್ಲೋರಿಕ್ ಆಸಿಡ್‌ಗೆ 20 ಗ್ರಾಂ ಆಂಟಿಮನಿ ಟ್ರೈಆಕ್ಸೈಡ್, 50 ಗ್ರಾಂ ಸ್ಟ್ಯಾನಸ್ ಕ್ಲೋರೈಡ್) ತುಕ್ಕಿನ ಜೊತೆ ಒಳ್ಳೆ ಲೋಹವನ್ನೂ ಸ್ವಲ್ಪ ತಿನ್ನುತ್ತದೆ, ಅದನ್ನು ಕಳೆಯಲಿಕ್ಕೆ ಆ ತುಂಡುಗಳು ಬೇಕು. ಕೆಲಸ ಫ್ಯೂಮ್‌ಹುಡ್ (ವಿಷದ ಹೊಗೆ ಹೊರಗೆ ಎಳೆಯುವ ಗೂಡು) ಒಳಗೇ.

ಎರಡು ಸ್ಟ್ಯಾಂಡ್ ಮಾಡಿ, ಒಂದು ಬಯಲಲ್ಲಿ, ಒಂದು ಶೀಟಿನ ಅಡಿಯಲ್ಲಿ. ನಮ್ಮ ಮಳೆ ಬಯಲಿನ ತುಂಡಿನ ಉಪ್ಪು ತೊಳೆದುಬಿಡ್ತದೆ. ಅಡಿಯಲ್ಲಿದ್ದದ್ದಕ್ಕೆ ಉಪ್ಪು ಕೂತಲ್ಲೇ ಇರ್ತದೆ. ಪೈಪ್‌ರ‍್ಯಾಕ್‌ನ ಕೆಳಬದಿಗೆ ಆಗುವುದೂ ಅದೇ, ಕಂಪನಿಗೆ ಬೇಕಾದ ಉತ್ತರವೂ ಅಲ್ಲೇ ಉಂಟು.

ಬೈಕಂಪಾಡಿ ಮೆಕ್: ಉಪಕಾರ ಆಯ್ತು. ಕೂಪನ್ ಯಾವ ತಿಂಗಳು ಇಡುವುದು?

ತುಕ್ಕು ಪರೀಕ್ಷೆ: ಒಂದು ಸೆಟ್ ಮೇ ಕೊನೆಗೆ, ಇನ್ನೊಂದು ಅಕ್ಟೋಬರ್‌ಗೆ. ಮೊದಲ ಮೂರು ತಿಂಗಳು ಮಳೆಯೋ ಒಣ ಗಾಳಿಯೋ ಎಂಬುದರ ಮೇಲೆ ಆರಂಭದ ವೇಗ ಬದಲಾಗ್ತದೆ. ಗಾಳಿಯ ತುಕ್ಕು ಹಿಡಿಸುವ ಗುಣ ಅಳೆಯುವ ಮಾನದಂಡ ಐಎಸ್‌ಒ 9223ರ ವರ್ಗ ಹೇಳಲಿಕ್ಕೆ ಪೂರ್ತಿ ಒಂದು ವರ್ಷದ ನಷ್ಟವೇ ಬೇಕು. ಸ್ಟೀಲ್ ವರ್ಷಕ್ಕೆ 80ರಿಂದ 200 ಮೈಕ್ರಾನ್ ಸವೆದರೆ ಸಿ5, ಅಂದರೆ ‘ಬಹಳ ಹೆಚ್ಚು’ ಎಂಬ ವರ್ಗ.