ಬಜ್ಪೆಯ ಮೇಲೆ ಸುತ್ತಿ ಬೆಂಗಳೂರಿಗೆ ವಾಪಸ್: ಡಿಸ್ಪ್ಯಾಚರ್‌ ಹತ್ತಿರ ಕೇಳಿ

ಪ್ರಶ್ನೆ (ಸುರತ್ಕಲ್‌ನ ಸದಸ್ಯೆ): ಸರ್, ನೀವು ಏರ್‌ಲೈನ್‌ನಲ್ಲಿ ಫ್ಲೈಟ್ ಡಿಸ್ಪ್ಯಾಚರ್ (ಹಾರಾಟದ ಯೋಜನೆ, ಇಂಧನದ ಲೆಕ್ಕ ಹಾಕುವವರು) ಆಗಿದ್ದವರಂತೆ, ಅದಕ್ಕೇ ಕೇಳುವುದು. ಕಳೆದ ವಾರ ಬೆಂಗಳೂರಿನಿಂದ ಮಂಗಳೂರಿಗೆ ಬರ್ತಾ ಇದ್ದೆ. ಅರ್ಧ ಗಂಟೆ ಮೇಲೆಯೇ ಸುತ್ತಿಸಿದರು. ಒಮ್ಮೆ ಇಳಿಯಲಿಕ್ಕೆ ಹೋಗಿ ಗಕ್ಕನೆ ಮೇಲೆ ಏರಿತು. ಮೋಡದ ಎಡೆಯಲ್ಲಿ ಗುರುಪುರ ಹೊಳೆ ಕಂಡಿತ್ತು! ಆಮೇಲೆ ಸೀದಾ ಬೆಂಗಳೂರಿಗೆ ವಾಪಸ್. ಕರಕೊಂಡು ಹೋಗಲಿಕ್ಕೆ ಬಂದಿದ್ದ ಅಣ್ಣ, ಕಾವೂರಿನಲ್ಲಿ ಮಳೆಯೇ ಇರಲಿಲ್ಲ ಅಂತಾನೆ. ನಮಗಿಂತ ಹತ್ತು ನಿಮಿಷ ಮೊದಲು ಇನ್ನೊಂದು ವಿಮಾನ ಇಳಿದಿತ್ತಂತೆ. ನಮ್ಮ ಪೈಲಟ್‌ಗೆ ಧೈರ್ಯ ಸಾಲಲಿಲ್ಲವಾ?

ಉತ್ತರ: ಧೈರ್ಯದ ಮಾತು ಬಿಡಿ ಅಕ್ಕ, ಆ ಮೇಲೆ ಏರಿದ್ದೇ ಒಳ್ಳೆಯ ಕೆಲಸ. ನಿಮ್ಮ ಅಣ್ಣ ಹೇಳಿದ್ದೂ ಸುಳ್ಳಲ್ಲ. ಬಜ್ಪೆ, ಅಂದರೆ ಮಂಗಳೂರು ವಿಮಾನ ನಿಲ್ದಾಣದ ರನ್‌ವೇ ಸಮುದ್ರಮಟ್ಟದಿಂದ ಸುಮಾರು 100 ಮೀಟರ್ ಎತ್ತರದ ಗುಡ್ಡದ ತಲೆಯ ಮೇಲೆ ಇದೆ. ಮಳೆಗಾಲದ ಮೋಡ ಅಷ್ಟೇ ಎತ್ತರದಲ್ಲಿ ತೇಲಿದರೆ ಕೆಳಗಿನ ಕಾವೂರಿನವರಿಗೆ ಅದು ಮೋಡ, ಗುಡ್ಡದ ಮೇಲಿನ ಕೆಂಜಾರಿನವರಿಗೆ ಮಂಜು. ವಿಮಾನ ಹಿಂದೆ ಹೋಗುವುದು ಮಳೆಗೆ ಹೆದರಿ ಅಂತ ಜನ ತಿಳಿದಿದ್ದಾರೆ. ಮಳೆ ಸುರಿಯುತ್ತಿದ್ದರೂ ರನ್‌ವೇ ಕಂಡರೆ, ಗಾಳಿ ಮಿತಿಯೊಳಗಿದ್ದರೆ ಇಳಿಸುತ್ತಾರೆ. ತಡೆಯುವುದು ಕಾಣದೇ ಇರುವುದು.

ನಮ್ಮಲ್ಲಿ ಐಎಲ್‌ಎಸ್ (ರೇಡಿಯೋ ಸಂಕೇತದಿಂದ ವಿಮಾನಕ್ಕೆ ಇಳಿಯುವ ದಾರಿ ತೋರಿಸುವ ವ್ಯವಸ್ಥೆ) ಇರುವುದು ಘಟ್ಟದ ಕಡೆಯಿಂದ ಬಂದು ಕಡಲಿಗೆ ಮುಖ ಮಾಡಿ ಇಳಿಯುವ ‘24’ ಅಂಕೆಯ ರನ್‌ವೇ ತುದಿಗೆ (ಅಂಕೆ ದಿಕ್ಕಿನದ್ದು, ಎಣಿಕೆಯದ್ದಲ್ಲ). ಮಳೆಗಾಲದ ಗಾಳಿ ಬಹುಪಾಲು ನೈಋತ್ಯದಿಂದ, ಅಂದರೆ ಎದುರುಗಾಳಿ. ಅದು ನಮ್ಮ ಪುಣ್ಯ. ಆದರೆ ಈ ದರ್ಜೆಯ ಐಎಲ್‌ಎಸ್ ಪೈಲಟ್‌ನನ್ನು ಹೆಚ್ಚೆಂದರೆ ರನ್‌ವೇಯಿಂದ 200 ಅಡಿ ಮೇಲಿನವರೆಗೆ ಕರೆದು ತರುತ್ತದೆ, ಜಾಗ ನೋಡಿ ಅದಕ್ಕಿಂತ ಮೇಲೆಯೇ ನಿಲ್ಲಿಸುವುದೂ ಉಂಟು. ಅಲ್ಲಿ ದೀಪವೋ ರನ್‌ವೇಯೋ ಕಣ್ಣಿಗೆ ಬೀಳಲೇಬೇಕು. ಬೀಳದಿದ್ದರೆ ಯೋಚನೆಯೇ ಇಲ್ಲ, ಮೇಲಕ್ಕೆ. ಆ ಎತ್ತರದಿಂದ ನೆಲ ಮುಟ್ಟಲಿಕ್ಕೆ ಹದಿನೈದು ಹದಿನಾರು ಸೆಕೆಂಡು ಸಾಕು, ಚರ್ಚೆಗೆ ಪುರುಸೊತ್ತಿಲ್ಲ. ಹಾಗೆ ಏರಿದ್ದಕ್ಕೆ ಪೈಲಟ್‌ನನ್ನು ಶಿಕ್ಷಿಸಬಾರದು ಅಂತ ವಿಮಾನಯಾನ ನಿಯಂತ್ರಕ ಡಿಜಿಸಿಎಯೇ ಹೇಳಿದೆ. ಮೊದಲಿನವರು ಇಳಿದದ್ದು ಎರಡು ಮೋಡಗಳ ನಡುವಿನ ಸಂದಿನಲ್ಲಿ, ನಿಮ್ಮ ಸರದಿಗೆ ಆ ಸಂದು ಮುಚ್ಚಿತು. ಅಷ್ಟೇ.

ಮರುಪ್ರಶ್ನೆ (ದುಬೈಯಿಂದ): ದಿಲ್ಲಿಯಲ್ಲಿ ದಟ್ಟ ಮಂಜಿನಲ್ಲೂ ಇಳಿಸ್ತಾರಲ್ಲ, ಆ ಮೆಷಿನ್ ನಮ್ಮಲ್ಲಿ ಹಾಕಿದ್ರೆ ಎಂತ?

ಉತ್ತರ: ಬರೀ ಮೆಷಿನ್ ಅಲ್ಲ ಮಾರಾಯ್ರೆ. ದಿಲ್ಲಿಯ ಕ್ಯಾಟ್ 3, ಅಂದರೆ ಐಎಲ್‌ಎಸ್‌ನ ಮೇಲಿನ ದರ್ಜೆಯ ವ್ಯವಸ್ಥೆಯಲ್ಲಿ 50 ಮೀಟರ್ ಕಂಡರೂ ಇಳಿಸಬಹುದು. ಆದರೆ ಅಲ್ಲಿ ವಿಮಾನ ತಾನಾಗಿ ಇಳಿಯುವುದು ಕೆಳಗಿನ ನೆಲದಿಂದ ತನ್ನ ಎತ್ತರವನ್ನು ರೇಡಿಯೋ ಆಲ್ಟಿಮೀಟರ್‌ನಲ್ಲಿ ಅಳೆದುಕೊಂಡು. ದಿಲ್ಲಿಯಲ್ಲಿ ಆ ನೆಲ ಅಂಗೈ ಹಾಗೆ ಸಪಾಟು. ಬಜ್ಪೆಯಲ್ಲಿ ರನ್‌ವೇಯ ತುದಿಯ ಆಚೆ ಕಣಿವೆ, ಎತ್ತರದ ಲೆಕ್ಕ ಕೊನೇ ಗಳಿಗೆಯಲ್ಲಿ ಒಮ್ಮೆಲೇ ಬದಲಾಗುತ್ತದೆ. ದೀಪದ ಸಾಲು ಹಾಕಲಿಕ್ಕೂ ಸಮನೆಲ ಬೇಕಲ್ಲ.

ಪ್ರಶ್ನೆ (ಮೊದಲಿನ ಸದಸ್ಯೆ): ಇನ್ನೂ ಸ್ವಲ್ಪ ಹೊತ್ತು ಸುತ್ತಬಹುದಿತ್ತು. ಇಲ್ಲದಿದ್ದರೆ ಹತ್ತಿರದ ಕಣ್ಣೂರಿಗಾದರೂ ಹೋಗಬಹುದಿತ್ತಲ್ಲ?

ಉತ್ತರ: ಇದು ನನ್ನ ಕೆಲಸ, ಸ್ವಲ್ಪ ಉದ್ದ ಹೇಳುತ್ತೇನೆ. ನಿಮ್ಮ ವಾಪಸಾತಿಯ ಲೆಕ್ಕ ಬೆಂಗಳೂರಿನಲ್ಲಿ ಬಾಗಿಲು ಹಾಕುವ ಮೊದಲೇ ಆಗಿರುತ್ತದೆ. ಮಂಗಳೂರಿನವರೆಗಿನ ಇಂಧನ, ದಾರಿಯ ಏರುಪೇರಿಗೆ ಒಂದಿಷ್ಟು, ಇಳಿಯಲಾಗದಿದ್ದರೆ ಬೇರೆ ನಿಲ್ದಾಣ ಮುಟ್ಟುವಷ್ಟು, ಅದರ ಮೇಲೆ 30 ನಿಮಿಷದ್ದು. ಈ ಕೊನೆಯದಕ್ಕೆ ಕೈ ಹಾಕುವಂತಿಲ್ಲ. ಹಾಕಬೇಕಾಗಬಹುದು ಅಂತ ಕಂಡರೆ ಪೈಲಟ್ ‘ಮೇಡೇ ಫ್ಯುಯೆಲ್’ ಅಂತ ತುರ್ತು ಕರೆ ಕೊಡಬೇಕು. ಮಳೆಗಾಲದಲ್ಲಿ ಸುತ್ತಲಿಕ್ಕೆಂದೇ ಬೇರೆ ಹಾಕುತ್ತೇವೆ. ಎ320ಯಂಥ ವಿಮಾನ ಸುಮ್ಮನೆ ಸುತ್ತುವಾಗ ನಿಮಿಷಕ್ಕೆ ಸುಮಾರು 40 ಕಿಲೋ ಕುಡಿಯುತ್ತದೆ. ನಿಮ್ಮ ಅರ್ಧ ಗಂಟೆಗೆ 1,200 ಕಿಲೋ ಹೋಯಿತು.

ಟ್ಯಾಂಕ್ ತುಂಬಿಸಿ ಕಳಿಸಿದರಾಗದಾ ಅಂತ ಕೇಳುತ್ತೀರಿ. ಭಾರ ಹೆಚ್ಚಿದಷ್ಟೂ ನಿಲ್ಲಲಿಕ್ಕೆ ಹೆಚ್ಚು ಉದ್ದ ಬೇಕು. ಒದ್ದೆ ರನ್‌ವೇ ಅಂದರೆ ಲೆಕ್ಕಕ್ಕೆ ಇನ್ನೂ 15 ಶೇಕಡಾ ಸೇರಿಸುತ್ತೇವೆ. ನಮ್ಮ ರನ್‌ವೇ 2,450 ಮೀಟರ್, ಅದರಾಚೆ ಗದ್ದೆಯಲ್ಲ, ಇಳಿಜಾರು.

ಕಣ್ಣೂರು, ಕೋಝಿಕ್ಕೋಡ್ ನಕ್ಷೆಯಲ್ಲಿ ಹತ್ತಿರ, ಆದರೆ ಅದೇ ಕರಾವಳಿ, ಅದೇ ಮಳೆ. ನಮ್ಮನ್ನು ಮುಚ್ಚಿದ ಮೋಡ ಅಲ್ಲಿಯೂ ಇರಬಹುದು. ಘಟ್ಟದ ಆಚೆ ಬೆಂಗಳೂರು ಸಾಮಾನ್ಯವಾಗಿ ತೆರೆದಿರುತ್ತದೆ, ಉದ್ದದ ರನ್‌ವೇ ಎರಡಿವೆ, ಬದಲಿ ಸಿಬ್ಬಂದಿಯೂ ಸಿಗುತ್ತಾರೆ. ನಾನಾದರೂ ಬದಲಿ ನಿಲ್ದಾಣ ಅಂತ ಅದನ್ನೇ ಬರೆಯುತ್ತಿದ್ದೆ.

ಇನ್ನೊಬ್ಬರು: 2010ರ ಬಜ್ಪೆ ವಿಮಾನ ದುರಂತ ಮಳೆಯಿಂದ ಆದದ್ದಲ್ಲವಾ?

ಉತ್ತರ: ಅಲ್ಲ. 2010ರ ಮೇ 22ರ ಬೆಳಿಗ್ಗೆ ಹವೆ ಚೆನ್ನಾಗಿಯೇ ಇತ್ತು. ಎತ್ತರ, ವೇಗ ಹದಕ್ಕೆ ಬಾರದೆಯೂ ಇಳಿಸಲು ಹೋಗಿ, ರನ್‌ವೇಯಲ್ಲಿ ತುಂಬ ಮುಂದೆ ನೆಲ ಮುಟ್ಟಿದ್ದು. 158 ಜನ ಹೋದರು. ಮಳೆಯ ಉದಾಹರಣೆ ಬೇಕೆಂದರೆ 2020ರ ಆಗಸ್ಟ್ 7ರ ಕೋಝಿಕ್ಕೋಡ್ ದುರಂತ. ಮೊದಲ ಪ್ರಯತ್ನ ಬಿಟ್ಟು ಇನ್ನೊಂದು ತುದಿಯಿಂದ ಬಂದರು, ಬೆನ್ನಿಗೆ ಗಾಳಿ, ಕೆಳಗೆ ನೀರು. ಇಬ್ಬರು ಪೈಲಟ್‌ಗಳೂ ಸೇರಿ 21 ಜನ. ಆ ಎರಡೂ ದಿನ ಆ ಕೊನೇ ಪ್ರಯತ್ನ ಬಿಟ್ಟು ಮೇಲೆ ಏರಿದ್ದರೆ ಸಾಕಿತ್ತು.

ಪ್ರಶ್ನೆ (ಮೊದಲಿನ ಸದಸ್ಯೆ): ಬೆಂಗಳೂರಿನಲ್ಲಿ ಇಳಿದ ಮೇಲೂ ಎರಡು ಗಂಟೆ ಒಳಗೇ ಕೂರಿಸಿದರು, ಆಮೇಲೆ ಕ್ಯಾನ್ಸಲ್ ಅಂದರು. ಪರಿಹಾರ ಸಿಗ್ತದಾ?

ಉತ್ತರ: ಕೂರಿಸಿದ್ದು ಇಂಧನ ತುಂಬಿಸಿ ಮತ್ತೆ ಹೊರಡುವ ಆಸೆಯಿಂದ. ಹವಾಮಾನದ ವರದಿ ಅರ್ಧ ಗಂಟೆಗೊಮ್ಮೆ ಬರುತ್ತದೆ, ‘ಮುಂದಿನದರಲ್ಲಿ ತೆರೆಯಬಹುದು’ ಅಂತ ಕಾಯುವುದು. ಕಾಯುತ್ತಾ ಸಿಬ್ಬಂದಿಯ ಡ್ಯೂಟಿ ಅವಧಿ ಮುಗಿಯುತ್ತದೆ, ಆಗ ಕ್ಯಾನ್ಸಲ್. ಅಷ್ಟು ಹೊತ್ತು ಯಾರೂ ನಿಮಗೆ ವಿಷಯ ಹೇಳದಿದ್ದದ್ದು ಮಾತ್ರ ತಪ್ಪೇ, ಅದನ್ನು ಸಮರ್ಥಿಸುವುದಿಲ್ಲ. ಹವೆಯಿಂದಾದ ರದ್ದತಿಗೆ ನಗದು ಪರಿಹಾರ ಇಲ್ಲ. ಪೂರ್ತಿ ಹಣ ವಾಪಸ್ ಅಥವಾ ಬೇರೆ ವಿಮಾನ, ಎರಡರಲ್ಲಿ ಒಂದನ್ನು ನೀವೇ ಆರಿಸಿಕೊಳ್ಳಬಹುದು. ಕೌಂಟರ್‌ನಲ್ಲಿ ಗಟ್ಟಿಯಾಗಿ ಕೇಳಿ.

ದುಬೈಯವರು: ಜುಲೈಯಲ್ಲಿ ತಂಗಿಯ ನಿಶ್ಚಿತಾರ್ಥ ಉಂಟು ಸರ್. ಯಾವ ಫ್ಲೈಟ್ ತೆಗೊಳ್ಳಲಿ?

ಉತ್ತರ: ದಿನದ ಕೊನೆಯದ್ದು ಬೇಡ. ಮೊದಲಿನದ್ದು ತಪ್ಪಿದರೆ ಆಮೇಲೆ ಇನ್ನೊಂದಾದರೂ ಇರುತ್ತದೆ. ಎರಡು ದಿನ ಮೊದಲೇ ಬನ್ನಿ. ಬೆಂಗಳೂರಿಗೆ ಬಂದು ರಾತ್ರಿ ಬಸ್ಸಿಗೆ ಹತ್ತುತ್ತೇನೆ ಅಂತಿದ್ದರೆ, ಜುಲೈಯಲ್ಲಿ ಶಿರಾಡಿ ಘಾಟ್ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾ?