ಸಹಾಯ ಬೇಕು: ಎರಡು ವರ್ಷದ ಮಗಳಿಗೆ ಪೂಲ್ ಅಂದ್ರೆ ಭಯ

ನಮಸ್ಕಾರ. ಮಗಳು ಮನೇಲಿ ಟಬ್ಬಿಗೆ ಇಳಿದರೆ ಎಬ್ಬಿಸೋಕೇ ಆಗಲ್ಲ, ಲೋಟದಲ್ಲಿ ಮೊಗೆದು ಸುರೀತಾನೇ ಇರ್ತಾಳೆ. ಆದರೆ ಹೋದ ವಾರ ಅಪಾರ್ಟ್‌ಮೆಂಟಿನ ಪೂಲಿಗೆ ಕಾಲು ತಾಕಿದ್ದೇ ತಡ, ಕಿರುಚಿ ನನ್ನ ಕುತ್ತಿಗೆಗೆ ಜೋತುಬಿದ್ದಳು. ನೀರು ತಣ್ಣಗಿತ್ತು, ಇಷ್ಟು ಚಿಕ್ಕವರಿಗೆ 32 ಡಿಗ್ರಿಯ ಹತ್ತಿರ ಬೆಚ್ಚಗಿರಬೇಕಂತೆ. ಜಯನಗರ, ಜೆ.ಪಿ. ನಗರದ ಸುತ್ತ ಬಿಸಿನೀರಿನ ಪೂಲ್ ಇದ್ದು, ಅಪ್ಪ-ಅಮ್ಮನೂ ಜೊತೆಗೆ ಇಳಿಯೋ ಕ್ಲಾಸ್ ಯಾರಿಗಾದರೂ ಗೊತ್ತಾ?

"ಎತ್ತಿ ಹಾಕಮ್ಮ, ತಾನೇ ಕಲೀತಾಳೆ" ಅಂತಾರೆ ನಮ್ಮ ಮಾವ. ಅವರು ಊರಿನ ಬಾವೀಲಿ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಕೊಂಡು ಕಲಿತವರು! ನನಗಂತೂ ಆ ಧೈರ್ಯ ಇಲ್ಲ. ತೋಳಿಗೆ ಹಾಕೋ ಗಾಳಿ ಫ್ಲೋಟನ್ನೂ ನಂಬಲ್ಲ, ಜಾರಿಬಿಡುತ್ತೆ.

ಮುಖಕ್ಕೆ ನೀರು ಬಿದ್ದರೆ ಅಳದ ಹಾಗೆ ಮನೇಲೇ ಹೇಗೆ ರೂಢಿ ಮಾಡಿಸಿದ್ರಿ? ಈಜಿನ ಡೈಪರ್ ಯಾವುದು ತಗೊಳ್ಳಲಿ?